ಪಂಜರದ ಹಾವು ಮತ್ತು ಶ್ರಾವಕನ ವ್ರತ

ಅಮೆರಿಕದಲ್ಲಿ ನೆಲೆಸಿರುವ ನನ್ನ ಮಗನ ಮನೆಗೆ ಕಳೆದ ವರ್ಷ ಒಂದು ಹಾವು ಬಂದಿತು. ಆಫ್ರಿಕ ಮೂಲದ, ವಿಷವಿಲ್ಲದ 'ಬಾಲ್ ಪೈಥಾನ್' ಎಂಬ ಚಿಕ್ಕ ಹೆಬ್ಬಾವು. ಊರು ಬಿಟ್ಟು ಹೊರಟ ನೆರೆಯವರ ಆ ಪ್ರಾಣಿಯನ್ನು ಯಾರೂ ಒಯ್ಯದಿರಲು, ಮೊಮ್ಮಗನು ಕನಿಕರದಿಂದ ತಂದುಕೊಂಡನು. ಅದು ಜೀವಂತ ಇಲಿಗಳನ್ನೇ ತಿಂದು ಬೆಳೆದದ್ದು. ಈಗ ಮೊದಲೇ ಕೊಂದು, ಹಿಮಗಟ್ಟಿಸಿಟ್ಟ ಇಲಿಯನ್ನು ಕರಗಿಸಿ ಕೊಡುವ ರೂಢಿ ಮಾಡಿಸುತ್ತಿದ್ದಾರೆ. "ಅಜ್ಜ, ಇಲಿ ಮೊದಲೇ ಸತ್ತಿದ್ದರೆ ನಮಗೆ ಪಾಪವಿಲ್ಲ, ಅಲ್ಲವೆ?" ಎಂದು ಅವನು ದೂರವಾಣಿಯಲ್ಲಿ ಕೇಳಿದಾಗ ನನಗೆ ಕೂಡಲೇ ಉತ್ತರ ತೋಚಲಿಲ್ಲ.

ಈ ಬದಲಾವಣೆಯಲ್ಲಿ ಒಳಿತು ಇಲ್ಲದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಓಡಲು ದಾರಿಯಿಲ್ಲದ ಇಲಿಯ ಭಯ ತಪ್ಪುತ್ತದೆ. ಪ್ರಾಣಭಯದಿಂದ ಇಲಿಯು ಹಾವನ್ನು ಕಚ್ಚಿ ಗಾಯಗೊಳಿಸುವುದೂ ತಪ್ಪುತ್ತದೆ. ಆದರೆ ಇದಕ್ಕೆ ತಾಳ್ಮೆ ಬೇಕು. ಈ ಹಾವು ತುಟಿಯ ಮೇಲಿನ ಕುಳಿಗಳಿಂದ ಬೇಟೆಯ ಶಾಖವನ್ನು ಅರಿಯುತ್ತದೆ. ಆದ್ದರಿಂದ ಕರಗಿದ ಇಲಿಯನ್ನು ಬಿಸಿನೀರಿನಲ್ಲಿರಿಸಿ ಬೆಚ್ಚಗೆ ಮಾಡಿ, ಸಂಜೆಯ ಹೊತ್ತು ಉದ್ದನೆಯ ಚಿಮಟದಿಂದ ಒಡ್ಡಬೇಕು. ಮುಟ್ಟದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಪ್ರಯತ್ನಿಸಬೇಕು.

ಇಷ್ಟರಿಂದ ಹಿಂಸೆ ನೀಗಿತೆ? ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯೆಂಬುದು ನಮ್ಮ ಮಕ್ಕಳೂ ಬಲ್ಲ ಪಾಠ. ಕೊಲ್ಲುವ ಕೈ ನಮ್ಮದಲ್ಲದಿರಬಹುದು. ಕೊಳ್ಳುವ ಕೈ ನಮ್ಮದೇ. ನಮ್ಮಂಥ ಗಿರಾಕಿಗಳಿಗಾಗಿಯೇ ಆ ಪಂಚೇಂದ್ರಿಯ ಜೀವಿಗಳನ್ನು ಸಾಕಿ ಕೊಲ್ಲುತ್ತಾರೆ. ಎರಡು ವಾರಕ್ಕೊಂದರಂತೆ ವರ್ಷಕ್ಕೆ 26 ಇಲಿಗಳು. ಹಾವು 25 ವರ್ಷ ಬದುಕಿದರೆ 650. ಬದುಕಿದ್ದುದನ್ನು ಕೊಟ್ಟರೂ ಹಿಮಗಟ್ಟಿಸಿದ್ದನ್ನು ಕೊಟ್ಟರೂ ಈ ಲೆಕ್ಕದಲ್ಲಿ ಒಂದೂ ಕಡಿಮೆಯಾಗದು. ಕಡಿಮೆಯಾಗುವುದು ಅವುಗಳ ಸಂಕಟ ಮಾತ್ರ.

ಹಾಗೆಂದು ಉಪವಾಸ ಕೆಡಹಬಹುದೆ? ಅನ್ನಪಾನನಿರೋಧವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದು. ಸಸ್ಯಾಹಾರದಿಂದ ಹಾವು ಬದುಕಲಾರದು. ಕಾಡಿಗೆ ಬಿಟ್ಟರೆ ಪರದೇಶದ ಚಳಿಗೆ ಅದು ಸಾಯಬಹುದು, ಅಥವಾ ಅಲ್ಲಿನ ಜೀವಿಗಳಿಗೆ ಕಂಟಕವಾಗಬಹುದು. ಇತ್ತ ಕೂಡಿಹಾಕಿ ಸಾಕೋಣವೆಂದರೆ ಬಂಧವೂ ಅತಿಚಾರವೇ. ಒಮ್ಮೆ ಮನೆಗೆ ತಂದ ಮೇಲೆ ಯಾವ ದಾರಿಯೂ ನಿರ್ದೋಷವಲ್ಲ.

ಆದಕಾರಣ ವಿವೇಕವು ತರುವ ಮೊದಲೇ ಇರಬೇಕು. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿರುವುದು ಆ ಪ್ರಾಣಿಗಳ ಮೇಲಿನ ದ್ವೇಷದಿಂದಲ್ಲ. ಅವುಗಳ ಸ್ವಭಾವದ ಹಿಂಸೆಗೆ ನಾವು ಅನಗತ್ಯವಾಗಿ ಪಾಲುದಾರರಾಗುತ್ತೇವೆಂಬ ಎಚ್ಚರ ಅದರಲ್ಲಿದೆ. ಪಾರ್ಶ್ವಕುಮಾರನು ಉರಿವ ಕೊರಡಿನೊಳಗಿನ ಸರ್ಪಗಳಿಗೆ ಮರುಗಿದನು. ಅವು ತನ್ನವಾಗಲೆಂದು ಬಯಸಲಿಲ್ಲ.

ಮರುವಾರ ಮೊಮ್ಮಗನಿಗೆ ಹೀಗೆಂದೆ: "ಪಾಪವಿಲ್ಲವೆಂದು ಹೇಳಲಾರೆ, ಮಗು. ನೀನು ಕರುಣೆಯಿಂದ ತಂದೆ; ಅದು ಇರುವಷ್ಟು ಕಾಲ ನೋವು ಕಡಿಮೆಯಾಗುವ ಬಗೆಯಲ್ಲಿ ನೋಡಿಕೊ. ಮರಿ ಮಾಡಿಸಬೇಡ, ಇನ್ನೊಂದನ್ನು ತರಬೇಡ. ಸಂಜೆಯ ಪ್ರತಿಕ್ರಮಣದಲ್ಲಿ ಆ ಇಲಿಯನ್ನೂ ನೆನೆದು ಕ್ಷಮೆ ಬೇಡು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಅಜ್ಜ" ಎಂದನು.