ಏಳಬೇಕಾದವರು ಯಾರು?

ಸಂತೆಯ ದಿನ ಗೋಕಾಕದಿಂದ ಮೂಡಲಗಿಯ ಬಸ್ಸಿನಲ್ಲಿ ಕುಳಿತು ಹೋಗುವ ಯೋಗ ಒದಗಬೇಕಾದರೆ ಪೂರ್ವಜನ್ಮದ ಸುಕೃತವೇ ಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲು, ಚೀಲ, ಒಮ್ಮೊಮ್ಮೆ ಒಬ್ಬ ಚಿಕ್ಕ ಹುಡುಗನೇ ತೂರಿಕೊಂಡು ಹೋಗಿ ಸೀಟು ಹಿಡಿದಿರುತ್ತದೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂದ ಮೇಲಂತೂ ನೂಕುನುಗ್ಗಲು ಇನ್ನಷ್ಟು ಹೆಚ್ಚಿತು. ಅಂಥದೊಂದು ದಿನ ನನಗೆ ಸೀಟು ಸಿಕ್ಕಿತ್ತು. ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು.

ನನ್ನ ಮುಂದಿನ ಎರಡನೆಯ ಸಾಲಿನಲ್ಲಿ ಅಂಗವಿಕಲರಿಗೆಂದು ಬರೆದಿದ್ದ ಸೀಟಿನ ಮೇಲೆ ಒಬ್ಬ ತಾಯಿ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತಿದ್ದಳು. ಎರಡೂ ಕಂಕುಳಲ್ಲಿ ಊರುಗೋಲು ಹಿಡಿದ ನಡುವಯಸ್ಸಿನವರೊಬ್ಬರು ಹೇಗೋ ಮೇಲೆ ಹತ್ತಿದರು. ಕಂಡಕ್ಟರ್ ತನ್ನ ಕರ್ತವ್ಯ ಮಾಡಿದ.

“ಯಕ್ಕಾ, ಅದು ಅಂಗವಿಕಲರ ಸೀಟೈತ್ರಿ. ಸ್ವಲ್ಪ ಬಿಟ್ಟುಕೊಡ್ರಿ.”

“ಕೂಸಿಗೆ ಜ್ವರ ಐತ್ರಿ ಅಣ್ಣಾ. ಈಗರೆ ಕಣ್ಣು ಮುಚ್ಚೇತಿ. ಇದನ್ನ ಎತ್ಕೊಂಡು ಹೆಂಗ ನಿಂದರ್ಲಿ?”

ಊರುಗೋಲಿನವರೇ ನಡುವೆ ಬಂದರು: “ಇರ್ಲಿ ಬಿಡ್ರಿ, ಪಾಪ, ಕೂಸೈತಿ. ನಾ ನಿಂದರ್ತೀನಿ.”

ಬಸ್ಸಿನಲ್ಲಿದ್ದ ನಮಗೆಲ್ಲ ಎಷ್ಟು ಸಮಾಧಾನವಾಯಿತು! ಕೆಲವರು ಆತನ ಔದಾರ್ಯವನ್ನು ಮೆಚ್ಚಿಕೊಂಡರು. ಕೆಲವರು ಆಕೆಯ ಹಟವನ್ನು ಆಡಿಕೊಂಡರು. ಕಾಲು ಗಟ್ಟಿಯಿದ್ದ ನಲವತ್ತು ಮಂದಿಯಲ್ಲಿ ಒಬ್ಬರೂ ಏಳಲಿಲ್ಲ. ನಾನೂ ಏಳಲಿಲ್ಲ. ನನ್ನ ಸೀಟಿನ ಮೇಲೆ ಏನೂ ಬರೆದಿರಲಿಲ್ಲವಷ್ಟೆ!

ಇದೇ ಬಗೆಯ ವ್ಯಾಜ್ಯವೊಂದು ಇಂಗ್ಲೆಂಡಿನಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. 2012ರಲ್ಲಿ ಡಗ್ ಪಾಲಿ ಎಂಬವರು ಗಾಲಿಕುರ್ಚಿಯಲ್ಲಿ ಕುಳಿತು ವೆದರ್ಬಿಯಿಂದ ಲೀಡ್ಸ್‌ಗೆ ಹೊರಟಿದ್ದರು. ಬಸ್ಸಿನಲ್ಲಿ ಗಾಲಿಕುರ್ಚಿಗೆಂದೇ ಬಿಟ್ಟಿದ್ದ ಜಾಗದಲ್ಲಿ ಒಬ್ಬ ತಾಯಿಯ ತಳ್ಳುಗಾಡಿ, ಅದರೊಳಗೆ ಮಲಗಿದ ಮಗು. ಚಾಲಕ ಕೇಳಿದ, ಗಾಡಿ ಮಡಚಲು ಬರುವುದಿಲ್ಲವೆಂದು ಆಕೆ ಸರಿಯಲಿಲ್ಲ. ಪಾಲಿ ಕೆಳಗೇ ಉಳಿಯಬೇಕಾಯಿತು. 2017ರ ಜನವರಿಯಲ್ಲಿ ಬಂದ ತೀರ್ಪು ನಯವಾದದ್ದು: ಒಮ್ಮೆ ಕೇಳಿ ಸುಮ್ಮನಾದರೆ ಸಾಲದು; ನಿರಾಕರಣೆ ನ್ಯಾಯವಲ್ಲವೆಂದು ತೋರಿದರೆ ಚಾಲಕನು ಒತ್ತಾಯದ ಮಾತಿನಲ್ಲಿ ಹೇಳಬೇಕು, ಸಂದರ್ಭ ನೋಡಿ ಬಸ್ಸನ್ನು ಕೆಲವು ನಿಮಿಷ ನಿಲ್ಲಿಸಿಯಾದರೂ ನಾಚಿಕೆ ಹುಟ್ಟಿಸಬೇಕು. ಎಳೆದು ಇಳಿಸು ಎಂದು ಮಾತ್ರ ನ್ಯಾಯಾಧೀಶರು ಹೇಳಲಿಲ್ಲ. ನಾಚಿಕೆಯ ಮೇಲೆ ಅವರಿಗಿದ್ದ ಭರವಸೆ ಕಂಡು ನನಗೆ ಆಶ್ಚರ್ಯವಾಯಿತು.

ನಮ್ಮ ಸೀಮೆಯಲ್ಲಿ ಆ ಜಗಳ ಹುಟ್ಟಲೂ ಯೋಗ್ಯತೆ ಸಾಲದು. ಹುಕ್ಕೇರಿಯಲ್ಲಿ ಒಮ್ಮೆ ಕಂಡೆ: ಅಣ್ಣನೊಬ್ಬ ಹರೆಯದ ತಮ್ಮನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿದ, ಮತ್ತೆ ಇಳಿದು ಗಾಲಿಕುರ್ಚಿಯನ್ನು ಮಡಚಿ ಚೀಲಗಳ ನಡುವೆ ತುರುಕಿದ. ತಮ್ಮ ಸೀಟಿಗೆ ಬಂದು ಸೇರುವವರೆಗೆ ಯಾರ ಮುಖವನ್ನೂ ನೋಡಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎಲ್ಲ ಬಗೆಯ ವಾಹನಗಳಲ್ಲೂ ಅವರಿಗೆ ಪ್ರವೇಶ ಸಾಧ್ಯವಾಗಬೇಕೆನ್ನುತ್ತದೆ. ಹಳೆಯ ವಾಹನಗಳ ಮಾತು ಬಂದಾಗ ಮಾತ್ರ ತಾಂತ್ರಿಕವಾಗಿ ಸಾಧ್ಯವಿದ್ದರೆ, ಹಣಕಾಸಿಗೆ ಕೈಗೂಡಿದರೆ ಎಂಬ ಮಾತುಗಳನ್ನು ಸೇರಿಸುತ್ತದೆ. ಈ ‘ರೆ’ ಪ್ರತ್ಯಯದ ಮಹಿಮೆಯನ್ನು ವ್ಯಾಕರಣ ಪಾಠ ಹೇಳುವ ನನ್ನಂಥವನು ಬಲ್ಲ.

ನಮ್ಮಲ್ಲಿ ದಾಕ್ಷಿಣ್ಯ ಎಂಬ ಮಾತಿದೆ. ಕೊಡಲು ಮನಸ್ಸಿಲ್ಲದಿದ್ದರೂ ಇಲ್ಲವೆನ್ನಲಾರದೆ ಕೊಡುವುದು. ದಯೆಗಿಂತ ಇದು ಕೆಳಗಿನ ಮೆಟ್ಟಿಲು. ಆದರೂ ಊರಿನ ಬಾಳು ಬಹುಮಟ್ಟಿಗೆ ಇದರಿಂದಲೇ ನಡೆದಿದೆ. ಆದರೆ ದಾಕ್ಷಿಣ್ಯ ಹುಟ್ಟಬೇಕಾದರೆ ಎದುರಿಗಿದ್ದವರು ಕೇಳಬೇಕು. ದಿನಕ್ಕೆರಡು ಸಲ ಬಸ್ಸು ಹತ್ತುವವರು ದಿನಕ್ಕೆರಡು ಸಲ ಕೇಳಬೇಕು. ಕೇಳುವುದಕ್ಕೂ ಬೇಡುವುದಕ್ಕೂ ನಡುವೆ ಉಳಿಯುವ ಗೆರೆ ಬಹಳ ತೆಳ್ಳಗಿನದು. ಸೀಟಿನ ಮೇಲೆ ಬರೆದ ಅಕ್ಷರ ಅವರನ್ನು ಆ ಬೇಡುವಿಕೆಯಿಂದ ಬಿಡಿಸುತ್ತದೆ; ಅಷ್ಟರಮಟ್ಟಿಗೆ ಅದು ದೊಡ್ಡ ಉಪಕಾರ. ಆ ದಿನ ತಾಯಿಗಿಂತ ಊರುಗೋಲಿನವರ ಹಕ್ಕೇ ಹೆಚ್ಚಿನದೆಂದು ನಾನು ಈಗಲೂ ಹೇಳುತ್ತೇನೆ. ಕೂಸು ಇನ್ನೆರಡು ವರ್ಷದಲ್ಲಿ ತಾನೇ ಓಡಾಡುತ್ತದೆ. ಅವರ ಕಾಲು ಬರುವುದಿಲ್ಲ. ಆಕೆ ಬೇರೆ ಯಾವ ಸೀಟಿನಲ್ಲಿ ಕುಳಿತರೂ ನಡೆಯುತ್ತಿತ್ತು. ಅವರಿಗೆ ಬಾಗಿಲ ಹತ್ತಿರದ್ದೇ ಬೇಕು.

ಆದರೆ ಆ ಬೇರೆ ಸೀಟು ಯಾರದು? ಅಲ್ಲಿಗೆ ತರ್ಕ ನನ್ನ ಉತ್ತರಪತ್ರಿಕೆಗಳ ಕಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಒಂದು ಸೀಟಿನ ಮೇಲೆ ಬರೆದ ಕೂಡಲೆ ಉಳಿದ ಸೀಟುಗಳೆಲ್ಲ ಋಣಮುಕ್ತವಾದವೆಂದು ನಾವು ತಿಳಿದೆವು. ಇಬ್ಬರು ಅಶಕ್ತರನ್ನು ಒಂದು ಹಲಗೆಗಾಗಿ ಎದುರುಬದುರು ನಿಲ್ಲಿಸಿ, ಯಾರದು ನ್ಯಾಯವೆಂದು ಕುಳಿತಲ್ಲಿಂದಲೇ ತೀರ್ಪು ಕೊಡುತ್ತಿದ್ದೆವು.

ಕಲ್ಲೋಳಿ ದಾಟಿ ಬಹಳ ಹೊತ್ತಾದ ಮೇಲೆ ನಾನು ಎದ್ದೆ. “ಬರ್ರಿ, ಇಲ್ಲಿ ಕುಂದರ್ರಿ” ಎಂದೆ. ಅವರು ನಕ್ಕು, ಊರುಗೋಲನ್ನು ಕಂಕುಳಲ್ಲಿ ಸರಿಪಡಿಸಿಕೊಂಡರು.

“ಬ್ಯಾಡ್ರಿ ಸರ್. ಇನ್ನೇನು ನಾಗನೂರ ಬಂತು. ನಾ ಇಲ್ಲೇ ಇಳಿಯಾಂವ.”