ಮಡಚಿದ ರೊಟ್ಟಿ

18ನೇ ಶತಮಾನದ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಪ್ರಭು ಜಾನ್ ಮಾಂಟೆಗು ಇಸ್ಪೀಟಿನ ಮೇಜು ಬಿಟ್ಟೇಳಲಾರದೆ ಬ್ರೆಡ್ಡಿನ ನಡುವೆ ಮಾಂಸವಿಟ್ಟು ತರಿಸಿ ತಿಂದನಂತೆ. ತಿಂಡಿಗೆ ತಿಂದವನ ಹೆಸರು ನಿಂತಿತು. ಮಾಡಿಕೊಟ್ಟವರ ಹೆಸರು ಯಾರಿಗೂ ತಿಳಿಯದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಮ್ಮ ಬರಸೀಮೆಗೆ ರಾಗಿ, ಕಡಲೆಕಾಯಿಗಳೇ ಆಸರೆ. ನಮ್ಮ ಸ್ಯಾಂಡ್‌ವಿಚ್ಚೂ ಅವುಗಳದ್ದೇ. ಬಿಸಿ ರಾಗಿರೊಟ್ಟಿಗೆ ಕಡಲೆಬೀಜದ ಚಟ್ನಿ ಸವರಿ, ಈರುಳ್ಳಿ ಉದುರಿಸಿ, ಮಡಚಿ ಅಮ್ಮಿ ಕೈಗಿಡುತ್ತಿದ್ದರು. ಹೊಲದ ಬದುವಿನಲ್ಲಿ, ಹುಣಸೆಮರದಡಿಯಲ್ಲಿ ಕೂತು ತಿಂದೆವು. ಬದುಕಿನ ಸರಳ ಸುಖವೆಂದರೆ ಇದೇ ಎಂದು ಎಷ್ಟೋ ಸಲ ಹೇಳಿಕೊಂಡೆವು.

ಸರಳ, ಯಾರಿಗೆ? ಹೊಗೆಯಲ್ಲಿ ಹೆಂಚಿನೆದುರು ಕೂತವರಿಗಲ್ಲ. ಎಲ್ಲರದೂ ಮುಗಿದ ಮೇಲೆ ಆರಿದ ಕೊನೆಯ ರೊಟ್ಟಿ ಅಮ್ಮಿಯ ಪಾಲು. ಬಿಸಿಯದನ್ನು ಎಂದಾದರೂ ತಿಂದಿರಾ ಎಂದು ನಾವು ಕೇಳಲೇ ಇಲ್ಲ. ಈಗ ಕೇಳಲು ಅವರಿಲ್ಲ.

ತಡವಾಗಿ ರೊಟ್ಟಿ ತಟ್ಟಲು ಕಲಿತಿದ್ದೇವೆ. ಅಂಚು ಸೀಳುತ್ತದೆ, ಬೆರಳು ಸುಡುತ್ತದೆ. ಮೊನ್ನೆ ಮೊದಲ ರೊಟ್ಟಿಯನ್ನು ಮಡಚಿ ಮಡದಿಗೆ ಕೊಟ್ಟೆವು.

“ನೀವು ತಿನ್ನಿ, ನಾನು ಆಮೇಲೆ ತಿಂತೀನಿ.”

“ಆರಿಹೋಗುತ್ತೆ. ಕೂತು ತಿನ್ನು.”

ಆಕೆ ಕೂತಳು. ಕಷ್ಟದಲ್ಲಿ ಪಾಲು ಪಡೆಯದೆ ಸುಖವನ್ನು ಸರಳವೆಂದು ಕರೆಯುವ ಹಕ್ಕು ನಮಗೆಲ್ಲಿಂದ ಬಂತು?