ಅಪಾರ್ಟ್‌ಮೆಂಟಿಗೆ ಹೊರಡುವ ಮುನ್ನ

ಚಿಕ್ಕಬಳ್ಳಾಪುರಕ್ಕೆ ಸಮೀಪದಲ್ಲಿ, ಸ್ಕಂದಗಿರಿಯ ತಪ್ಪಲಲ್ಲಿ ಕಳವಾರ ಎಂಬ ಊರಿದೆ. ಬೆಂಗಳೂರಿನ ತರುಣ ತರುಣಿಯರು ನಸುಕಿನ ಮೋಡಗಳನ್ನು ನೋಡಲೆಂದು ಹತ್ತುವ ಆ ಬೆಟ್ಟಕ್ಕೆ ಕಳವಾರ ಬೆಟ್ಟವೆಂಬ ಹೆಸರೂ ಇದೆ. ನಗರದವರು ಬೆಟ್ಟ ಹತ್ತಲು ಈ ಕಡೆಗೆ ಬರುತ್ತಿದ್ದರೆ, ಈ ಕಡೆಯ ಮಕ್ಕಳು ಮಹಡಿಗಳನ್ನು ಹತ್ತಲು ಆ ಕಡೆಗೆ ಹೋಗುತ್ತಿದ್ದಾರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ಹೆಬ್ಬಾಳ, ಯಲಹಂಕ, ಥಣಿಸಂದ್ರಗಳ ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತಿವೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಲ್ಲಿ ಒಬ್ಬ ಮಗನೋ ಮಗಳೋ ಅಂಥ ಕಡೆ ಒಂದು ಫ್ಲಾಟಿಗೆ ಮುಂಗಡ ಕೊಟ್ಟಿರುತ್ತಾರೆ, ಬ್ಯಾಂಕಿನ ಸಾಲ ಮಂಜೂರಾಗಿರುತ್ತದೆ, ಗುರುಗಳನ್ನು ಕರೆದು ಮನೆ ಮಂತ್ರಿಸುವ ದಿನವೂ ಗೊತ್ತಾಗಿರುತ್ತದೆ.

ಹೊರಡುವ ಮುನ್ನ ಏನನ್ನು ಸಿದ್ಧಪಡಿಸಿಕೊಳ್ಳಬೇಕು ಎಂದು ಕೇಳಿದರೆ ಉತ್ತರಕ್ಕೆ ಕೊರತೆಯಿಲ್ಲ. ಮಂಚ ಬಾಗಿಲಲ್ಲಿ ಹಿಡಿಯುತ್ತದೆಯೇ, ಒರಳುಕಲ್ಲನ್ನು ಯಾರಿಗೆ ಕೊಡುವುದು, ರಾಗಿ ಮೂಟೆಯನ್ನು ಎಲ್ಲಿಡುವುದು, ಹಸುವನ್ನು ಯಾವ ಬೆಲೆಗೆ ಮಾರುವುದು. ಇವೆಲ್ಲ ಅಗತ್ಯವಾದ ಪ್ರಶ್ನೆಗಳೇ. ಆದರೆ ಇವುಗಳ ಗದ್ದಲದಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಕಣ್ಣಿಗೆ ಕಾಣುವ ನೆರೆಯವರ ನಡುವೆ ಬಾಳಿದ ಕುಟುಂಬವೊಂದು ಕಣ್ಣಿಗೆ ಕಾಣದ ನೆರೆಯವರ ನಡುವೆ ಬಾಳಲು ಹೊರಟಿದೆ. ಕಾಣದ ನೆರೆಯವನಿಗೆ ನಾವು ಸಲ್ಲಿಸಬೇಕಾದದ್ದೇನು? ನನ್ನ ದೃಷ್ಟಿಯಲ್ಲಿ ಸಿದ್ಧತೆ ಬೇಕಾಗಿರುವುದು ಈ ಪ್ರಶ್ನೆಗೆ.

ಫ್ಲಾಟಿನ ಕ್ರಯಪತ್ರವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ನೀವು ಕೊಂಡ ಗೋಡೆಗಳ ವಿವರದ ಜೊತೆಗೆ, ಕಟ್ಟಡ ನಿಂತಿರುವ ನೆಲದಲ್ಲಿ ನಿಮಗೆ ಇಷ್ಟು ಅವಿಭಜಿತ ಪಾಲು ಇದೆ ಎಂಬ ಮಾತು ಅಲ್ಲಿರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಈ ಬಗ್ಗೆ ನಿಷ್ಠುರವಾಗಿಯೇ ಮಾತನಾಡಿತು: ಸಾಮಾನ್ಯ ಜಾಗಗಳು ಎಲ್ಲರಿಗೂ ಸೇರಿದವು, ಅವನ್ನು ಪಾಲು ಮಾಡಿಕೊಡಿ ಎಂದು ಯಾವ ಮಾಲೀಕನೂ ದಾವೆ ಹೂಡುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಪಾಲು ಎಂಬ ಪದಕ್ಕೆ ಎಷ್ಟು ಕಣ್ಣೀರು ಅಂಟಿಕೊಂಡಿದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರು ಹಿತ್ತಿಲಿನ ಹುಣಸೆ ಮರವನ್ನು, ಬಾವಿಯ ನೀರನ್ನು, ಕೆಲವೊಮ್ಮೆ ಪಡಸಾಲೆಯ ನಡುವೆ ಗೋಡೆಯೆಬ್ಬಿಸಿ ತಾಯಿಯನ್ನು ಕೂಡ ಪಾಲು ಮಾಡಿಕೊಂಡಿದ್ದಾರೆ. ಅಂಥ ಪಾಲಿನ ಹಣದಿಂದಲೇ ಕೊಂಡ ಫ್ಲಾಟಿನಲ್ಲಿ, ಹೆಸರೂ ತಿಳಿಯದ ನೂರಾರು ಮಂದಿಯೊಡನೆ ಎಂದೆಂದಿಗೂ ಪಾಲಾಗದ ನೆಲಕ್ಕೆ ಒಡೆಯರಾಗುತ್ತೇವೆ! ಒಡಹುಟ್ಟಿದವರೊಡನೆ ಸಾಧ್ಯವಾಗದ್ದನ್ನು ಅಪರಿಚಿತರೊಡನೆ ಮಾಡುತ್ತೇವೆಂದು ರುಜು ಹಾಕಿರುತ್ತೇವೆ. ಆ ರುಜುವಿನ ಭಾರವನ್ನು ಅರಿತವರು ಎಷ್ಟು ಮಂದಿ?

2016ರ ರಿಯಲ್ ಎಸ್ಟೇಟ್ ಕಾಯ್ದೆಯು ಮನೆಯ ಒಳಗಿನ ಬಳಕೆಯ ನೆಲವನ್ನು ಕಾರ್ಪೆಟ್ ಏರಿಯಾ ಎಂದು ಲೆಕ್ಕ ಹಾಕುತ್ತದೆ; ಅದರಲ್ಲಿ ಬಾಲ್ಕನಿಯೂ ವರಾಂಡವೂ ಸೇರುವುದಿಲ್ಲ. ಗ್ರಾಹಕನಿಗೆ ಮೋಸವಾಗಬಾರದೆಂಬ ಸದುದ್ದೇಶದ ಲೆಕ್ಕವದು, ಅದರಲ್ಲಿ ತಪ್ಪಿಲ್ಲ. ಆದರೂ ಜಗುಲಿಯ ಮೇಲೆ ಬೆಳೆದವರಿಗೆ ಇದು ಸೋಜಿಗವೆನಿಸೀತು. ಕಳವಾರದಂಥ ಊರಿನಲ್ಲಿ ಮನೆಯ ನಿಜವಾದ ಬಳಕೆಯ ನೆಲ ಜಗುಲಿಯೇ ಅಲ್ಲವೇ?

ಹೊಸ ಮನೆ ಕಟ್ಟುವವನಿಗೆ ಪವಿತ್ರ ಗ್ರಂಥವು ಕೊಡುವ ಒಂದು ವಿಧಿ ನನಗೆ ಬಹಳ ಇಷ್ಟವಾದುದು. ಅದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕು, ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಗೆ ತಟ್ಟುತ್ತದೆ ಎಂಬುದು ಅದರ ಸಾರ. ಇದು ಪ್ರಾರ್ಥನೆಯ ಕೋಣೆ ಎಲ್ಲಿರಬೇಕೆಂದಾಗಲಿ ಬಾಗಿಲು ಯಾವ ದಿಕ್ಕಿಗಿರಬೇಕೆಂದಾಗಲಿ ಹೇಳುವ ವಿಧಿಯಲ್ಲ. (ದಿಕ್ಕಿನ ಚಿಂತೆ ನಮ್ಮ ಕ್ರೈಸ್ತ ಮನೆಗಳನ್ನೂ ಬಿಟ್ಟಿಲ್ಲವೆಂಬುದು ಬೇರೆ ಮಾತು.) ನಿನ್ನ ಮನೆಯಿಂದ ಇನ್ನೊಬ್ಬನಿಗೆ ಏನಾಗಬಹುದು ಎಂಬುದನ್ನು ಮೊದಲು ಯೋಚಿಸು ಎನ್ನುತ್ತದೆ ಅದು.

ಮಹಡಿಯ ಮನೆಯಲ್ಲಿ ಈ ಮಾತಿಗೆ ಹೊಸ ಅರ್ಥ ಬರುತ್ತದೆ. ಅಲ್ಲಿ ನಮ್ಮ ನೆಲವೇ ಇನ್ನೊಬ್ಬರ ಸೂರು. ಬೆಳಗಿನ ಐದೂವರೆಗೆ ಮಸಾಲೆ ಕುಟ್ಟುವ ಸದ್ದು, ನಮ್ಮ ಮಟ್ಟಿಗೆ ಮನೆ ಎದ್ದಿತೆಂಬುದರ ಸೂಚನೆ. ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಆಗತಾನೇ ಕಣ್ಣು ಮುಚ್ಚಿದ ದಾದಿಗೆ ಅದು ತಲೆಯ ಮೇಲೆ ಬೀಳುವ ಏಟು. ನಮ್ಮ ಸ್ನಾನದ ಮನೆಯ ಸೋರಿಕೆ ನಮಗೆ ಕಾಣುವುದಿಲ್ಲ, ಅವರ ಗೋಡೆಯ ಮೇಲೆ ಕಾಣುತ್ತದೆ. ಹಳ್ಳಿಯಲ್ಲಾದರೆ ಎದುರು ಮನೆಯಾಕೆ ಬೀದಿಗೆ ಬಂದು ಗಟ್ಟಿಯಾಗಿ ಕೇಳಿಬಿಡುತ್ತಾಳೆ. ಜಗಳವಾಗುತ್ತದೆ, ಸಂಜೆಗೆ ಮುಗಿಯುತ್ತದೆ. ಇಲ್ಲಿ ಸಂಘದ ಕಚೇರಿಯಿಂದ ಒಂದು ಲಿಖಿತ ದೂರು ಬರುತ್ತದೆ, ಮುಖವಿಲ್ಲದ ದೂರು. ಮುಖವಿಲ್ಲದ ದೂರನ್ನು ಕ್ಷಮಿಸುವುದು ಬಹು ಕಷ್ಟ.

ಇಷ್ಟು ಹೇಳಿದೊಡನೆ ಹಳ್ಳಿಯೇ ಸ್ವರ್ಗ, ಅಪಾರ್ಟ್‌ಮೆಂಟು ನರಕ ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಹಳ್ಳಿಯ ಜಗುಲಿ ಎಲ್ಲರಿಗೂ ತೆರೆದಿತ್ತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಯಾರು ಜಗುಲಿಯ ಮೇಲೆ ಕೂರಬೇಕು, ಯಾರು ಕೆಳಗೆ ನಿಂತೇ ಮಾತನಾಡಬೇಕು ಎಂಬುದನ್ನು ಹುಟ್ಟೇ ನಿರ್ಧರಿಸುತ್ತಿದ್ದ ಊರುಗಳು ನಮ್ಮವು. ಕೇರಿಯ ಹೆಸರು ಕೇಳದೆ ಬಾಗಿಲ ಸಂಖ್ಯೆಯನ್ನಷ್ಟೇ ಕೇಳುವ ಕಟ್ಟಡವೊಂದರಲ್ಲಿ ಮೊದಲ ಬಾರಿಗೆ ನೆಮ್ಮದಿಯ ಉಸಿರು ಬಿಟ್ಟ ಕುಟುಂಬಗಳು ನಮ್ಮ ಧರ್ಮಸಭೆಯಲ್ಲೇ ಇವೆ. ಆ ಬಿಡುಗಡೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ದುಃಖದ ಸಂಗತಿಯೆಂದರೆ, ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರು ನಿವಾಸಿಗಳ ಲಿಫ್ಟನ್ನು ಬಳಸಬಾರದೆಂಬ ಫಲಕ ನೇತುಹಾಕಿರುತ್ತಾರೆ. ಜಗುಲಿ ಲಿಫ್ಟಿನ ರೂಪ ತಾಳಿ ಬಂದದ್ದಲ್ಲವೇ ಅದು? ಮನೆ ನೋಡಲು ಹೋದಾಗ ಅಡುಗೆಮನೆಯ ಕಪಾಟುಗಳನ್ನು ಎಣಿಸುವ ಮೊದಲು ಇಂಥ ಫಲಕವೇನಾದರೂ ಇದೆಯೇ ಎಂದು ನೋಡಿ. ಇದ್ದರೆ, ಸಂಘದ ಮೊದಲ ಸಭೆಯಲ್ಲಿ ಎದ್ದುನಿಂತು ಕೇಳಲು ನಿಮಗೆ ಒಂದು ವಿಷಯ ಸಿಕ್ಕಿದಂತಾಯಿತು.

ಈಗ ಮನೆಯ ಹಿರಿಯರ ವಿಚಾರ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

"ನೀನು ಇಲ್ಲಿ ಒಬ್ಬಳೇ ಇರೋದು ಬೇಡಮ್ಮ, ನಮ್ಮ ಜೊತೆ ಬಾ" ಎಂದು ಮಕ್ಕಳು ಪ್ರೀತಿಯಿಂದಲೇ ಕರೆಯುತ್ತಾರೆ. ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ಪಾಲಿಸಿದ ತೃಪ್ತಿಯೂ ಅವರಿಗಿರುತ್ತದೆ. ಆದರೆ ಆ ತಾಯಿ ಊರಲ್ಲಿ ನಿಜವಾಗಿಯೂ ಒಬ್ಬಳೇ ಇದ್ದಾಳೆಯೇ? ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯದಿದ್ದರೆ ಎದುರು ಮನೆಯವರು ಬಂದು ಕೂಗುತ್ತಾರೆ. ಡೈರಿಗೆ ಹಾಲು ಹಾಕಲು ಹೋಗುವವರು ಒಂದು ಮಾತಾಡಿಸುತ್ತಾರೆ. ಅವರೆಕಾಯಿ ಕಾಲದಲ್ಲಂತೂ ನಾಲ್ಕಾರು ಮಂದಿ ಹೆಂಗಸರು ಮೊರ ಹಿಡಿದು ಸೇರುತ್ತಾರೆ. ಒಬ್ಬರು ಸುಲಿಯುತ್ತಾರೆ, ಒಬ್ಬರು ಹಿತಕುತ್ತಾರೆ, ಕನ್ನಡ ತೆಲುಗು ಎರಡೂ ಬೆರೆತ ಮಾತು ಹರಿಯುತ್ತದೆ, ಸಿಪ್ಪೆ ಹಸುವಿಗೆ ಹೋಗುತ್ತದೆ. ಇದೇ ತಾಯಿಯನ್ನು ಒಂಬತ್ತನೆಯ ಮಹಡಿಗೆ ಕರೆತಂದ ಮೇಲೆ ಮಗ, ಸೊಸೆ ಎಂಟಕ್ಕೆ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಕ್ಕಳು ಶಾಲೆಗೆ. ಸಂಜೆ ಏಳರವರೆಗೆ ಆಕೆಯ ಜೊತೆಗಿರುವುದು ದೂರದರ್ಶನ. ಒಬ್ಬಳೇ ಎಂಬ ಪದ ಯಾವ ಮನೆಗೆ ಹೆಚ್ಚು ಸಲ್ಲುತ್ತದೆ?

ಹಾಗೆಂದು ತಾಯಿಯನ್ನು ಊರಲ್ಲೇ ಬಿಡಿ ಎಂದು ನಾನು ಹೇಳಲಾರೆ. ನಡುರಾತ್ರಿ ಎದೆನೋವು ಬಂದರೆ ಊರಿನ ಪ್ರೀತಿಯೊಂದೇ ಸಾಲುವುದಿಲ್ಲ. ಎಂಬತ್ತರ ವಯಸ್ಸಿನಲ್ಲಿ ಕೊಳವೆಬಾವಿಯ ನೀರಿಗಾಗಿ ಕಾಯುವುದು ಕಾವ್ಯವಲ್ಲ. ಕೆಲವು ಹಿರಿಯರು ಮೊಮ್ಮಕ್ಕಳ ಸಮೀಪವಿರುವ ಆಸೆಯಿಂದ ಸಂತೋಷವಾಗಿಯೇ ಬರುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಆಕೆಯನ್ನು ಕೇಳಿದಿರೋ, ಆಕೆಗೆ ತಿಳಿಸಿದಿರೋ? ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಕೇಳಿದರೆ ಅದು ಕೇಳಿದಂತೆ. ಹಸುವನ್ನು ಮಾರಿದ ಮೇಲೆ ಕೇಳಿದರೆ ಅದು ತಿಳಿಸಿದಂತೆ. ನೆರೆಯವರನ್ನು ಪ್ರೀತಿಸಬೇಕೆಂಬ ಕಟ್ಟಳೆಗೆ ಇನ್ನೊಂದು ಮುಖವೂ ಇದೆ ಎಂದು ನಾನು ನಂಬಿದ್ದೇನೆ. ಒಬ್ಬರ ನೆರೆಯನ್ನು ಅವರಿಂದ ಕಸಿದುಕೊಳ್ಳುವ ಮೊದಲು ಹತ್ತು ಸಲ ಯೋಚಿಸಬೇಕು.

ಬರಲು ಆಕೆ ಒಪ್ಪಿದರೆ ಅದಕ್ಕೂ ಸಿದ್ಧತೆ ಇದೆ. ಬಣ್ಣ, ಬಡಗಿ ಕೆಲಸ ಮುಗಿಯುವ ಮೊದಲೇ ಒಂದೆರಡು ಸಲ ಕರೆದುಕೊಂಡು ಹೋಗಿ. ಲಿಫ್ಟಿನ ಗುಂಡಿಯನ್ನು ಆಕೆಯೇ ಒತ್ತಲಿ. ಕೆಳಗೆ ಕೂರಲು ಒಂದು ಕಲ್ಲುಬೆಂಚಿದೆಯೇ, ಸಂಡಿಗೆ ಒಣಗಿಸಲು ಬಿಸಿಲು ಬೀಳುವ, ಸಂಘ ಆಕ್ಷೇಪಿಸದ ಜಾಗವಿದೆಯೇ, ಕನ್ನಡದಲ್ಲಿ ಪೂಜೆ ನಡೆಯುವ ದೇವಾಲಯ ಆಟೋದಲ್ಲಿ ಎಷ್ಟು ದೂರ, ಇವನ್ನೆಲ್ಲ ವಿಚಾರಿಸಿ. ಹೇಳಲು ಹಿತವಲ್ಲದ ಒಂದು ಮಾತನ್ನೂ ಹೇಳಬೇಕು. ಮಲಗಿಸಿ ಒಯ್ಯುವ ಸ್ಟ್ರೆಚರು ಆ ಲಿಫ್ಟಿನಲ್ಲಿ ಹಿಡಿಯುತ್ತದೆಯೇ ಎಂದು ಅಳೆದು ನೋಡಿ. ಊರಲ್ಲಿ ಸಾವಾದರೆ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಒಂಬತ್ತನೆಯ ಮಹಡಿಯಲ್ಲಿ ಸಾವಾದರೆ ಎಂಟನೆಯ ಮಹಡಿಗೆ ತಿಳಿಯುವುದು ಹೇಗೆ? ಹೊಸ ಧರ್ಮಕೇಂದ್ರದಲ್ಲಿ ಹೆಸರು ನೋಂದಾಯಿಸುವುದನ್ನು, ಸಮಾಧಿ ಭೂಮಿಯ ನಿಯಮಗಳನ್ನು ಕೇಳಿ ತಿಳಿಯುವುದನ್ನು ಮುಂದೂಡಬೇಡಿ.

ಇನ್ನೊಬ್ಬ ಕಾಣದ ನೆರೆಯವನಿದ್ದಾನೆ. ಆತ ಕಟ್ಟಡದೊಳಗೆ ಇಲ್ಲ, ನೀವು ಬಿಟ್ಟುಬಂದ ಊರಿನ ಕಡೆಯೇ ಇದ್ದಾನೆ.

ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿಗಳು ಹುಟ್ಟುತ್ತವೆ, ಆದರೆ ಮಳೆ ನಿಂತ ಮೇಲೆ ಅವು ಹೆಸರಿಗೆ ಮಾತ್ರ ನದಿಗಳು. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ರೈತ ಕಂಗೆಟ್ಟಾಗ ಬಂದದ್ದು ಹೆಬ್ಬಾಳ–ನಾಗವಾರ ಕಣಿವೆ ಯೋಜನೆ, ಜನರ ಬಾಯಲ್ಲಿ ಎಚ್.ಎನ್. ವ್ಯಾಲಿ. ಉತ್ತರ ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ಪಂಪುಗಳ ಮೂಲಕ ಎತ್ತಿ, ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ದಿನಕ್ಕೆ 21 ಕೋಟಿ ಲೀಟರ್ ತುಂಬಿಸುವುದು ಅದರ ಗುರಿ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದ ನೀರು ಅದೇ. ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟವರಿದ್ದಾರೆ. ಎರಡು ಹಂತ ಸಾಲದು, ಮೂರನೆಯ ಹಂತದ ಶುದ್ಧೀಕರಣ ಬೇಕು, ಇಲ್ಲವಾದರೆ ಅಂತರ್ಜಲವೇ ಕೆಟ್ಟೀತು ಎಂದು ರೈತ ಹೋರಾಟಗಾರರು ಒತ್ತಾಯಿಸುತ್ತಲೂ ಇದ್ದಾರೆ. ಅವರ ಆತಂಕ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಹೆಬ್ಬಾಳದ ಕಡೆಯ ಫ್ಲಾಟಿನಲ್ಲಿ ನೀವು ಬಚ್ಚಲಿಗೆ ಸುರಿಯುವ ಆಸಿಡ್, ಅವಧಿ ಮೀರಿತೆಂದು ಶೌಚಕ್ಕೆ ಎಸೆಯುವ ಮಾತ್ರೆಗಳು, ಬಣ್ಣದ ಡಬ್ಬಿಯನ್ನು ತೊಳೆದ ನೀರು, ಇವೆಲ್ಲ ಹೊರಟ ದಾರಿ ನಿಮ್ಮ ತವರಿನ ದಾರಿಯೇ ಆಗಿರಬಹುದು. ಶುದ್ಧೀಕರಣ ಘಟಕ ಕೊಳೆಯನ್ನು ತೆಗೆಯುತ್ತದೆ. ಔಷಧಿಯ ಅಂಶಗಳನ್ನೆಲ್ಲ ತೆಗೆಯುವ ಶಕ್ತಿ ಅದಕ್ಕಿಲ್ಲ. ನೀವು ಊರು ಬಿಟ್ಟರೂ ನಿಮ್ಮ ನೀರು ಊರನ್ನು ಬಿಟ್ಟಿರುವುದಿಲ್ಲ! ಅವರೆಕಾಯಿ ಸಿಪ್ಪೆಯ ಮಾತೂ ಹೀಗೆಯೇ. ಹಸುವಿಲ್ಲದ ಕಡೆ ಅದು ಹಸಿ ಕಸ. ಪ್ಲಾಸ್ಟಿಕ್ಕಿನೊಡನೆ ಬೆರೆತರೆ ಯಾವುದೋ ಹಳ್ಳಿಯ ಪಾಲಿನ ದುರ್ನಾತ. ಬೆಂಗಳೂರಿನ ಕಸವನ್ನು ಹೊತ್ತು ಬಳಲಿದ ಮಂಡೂರಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಆ ಕಸದ ಚೀಲಗಳನ್ನು ಕಟ್ಟಿದವರು ಯಾರೂ ಮಂಡೂರಿನ ಮುಖ ನೋಡಿದವರಲ್ಲ. ಮಾಳಿಗೆಗೆ ತಡೆಗೋಡೆ ಕಟ್ಟು ಎಂದ ವಿಧಿಯನ್ನು ಬಚ್ಚಲ ಕೊಳವೆಯವರೆಗೂ ಕಸದ ಬುಟ್ಟಿಯವರೆಗೂ ವಿಸ್ತರಿಸಿ ಓದಬೇಕಾದ ಕಾಲವಿದು.

ಕೊನೆಯದಾಗಿ ಬೀಗದ ಕೈ. ಲೂಕನ ಶುಭಸಂದೇಶದಲ್ಲಿ ನಡುರಾತ್ರಿ ರೊಟ್ಟಿ ಕೇಳಲು ಬಂದು ಬಾಗಿಲು ತಟ್ಟುವ ಸ್ನೇಹಿತನ ಕಥೆ ನಿಮಗೆ ಗೊತ್ತು. ಇಂದಾದರೆ ಆತ ಗೇಟಿನಲ್ಲೇ ನಿಂತು ಪುಸ್ತಕದಲ್ಲಿ ಹೆಸರು, ಫ್ಲಾಟಿನ ಸಂಖ್ಯೆ, ಬಂದ ಕಾರಣ ಬರೆಯಬೇಕು. ಒಳಗಿನವರು ಇಂಟರ್‌ಕಾಮಿನಲ್ಲಿ ಹೂಂ ಎನ್ನಬೇಕು. ಕಾವಲುಗಾರ ತನ್ನ ಕರ್ತವ್ಯ ಮಾಡುತ್ತಾನೆ, ಅವನನ್ನು ದೂರುವಂತಿಲ್ಲ. ಆದರೆ ಅಂಥ ಗೇಟಿನೊಳಗೆ ವಾಸಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. ಊರಿನ ಮನೆಗೆ ಬೀಗ ಹಾಕುವ ದಿನ ಅದರ ಕೈಯನ್ನು ಯಾರ ಬಳಿ ಕೊಡುವುದೆಂದು ನೀವು ಒಂದು ಕ್ಷಣವೂ ಯೋಚಿಸುವುದಿಲ್ಲ. ಪಕ್ಕದ ಮನೆಯಾಕೆ ಅದನ್ನು ಸೆರಗಿಗೆ ಕಟ್ಟಿಕೊಂಡು, ಮಳೆಗಾಲದಲ್ಲಿ ಹೆಂಚು ಸೋರುತ್ತಿದೆಯೇ ಎಂದು ತಾನೇ ನೋಡಿಬರುತ್ತಾಳೆ. ಫ್ಲಾಟಿನ ಬಾಗಿಲಿಗೂ ಒಂದು ಹೆಚ್ಚುವರಿ ಕೈ ಕೊಟ್ಟಿರುತ್ತಾರೆ. ಅದನ್ನು ಎದುರು ಬಾಗಿಲಿನವರಿಗೆ ಕೊಡುವಷ್ಟು ಪರಿಚಯವಾಗಲು ಎಷ್ಟು ದಿನ ಬೇಕು? ಮನೆ ಮಂತ್ರಿಸುವ ದಿನವೇ ಆ ಮಹಡಿಯ ಎಲ್ಲ ಬಾಗಿಲುಗಳನ್ನು ತಟ್ಟಿ, ಯಾವ ಮತದವರಾದರೂ ಸರಿ, ಊಟಕ್ಕೆ ಕರೆದುಬಿಡಿ. ಡಿಸೆಂಬರ್ ತಿಂಗಳಾದರೆ ಊರಿನಿಂದ ಒಂದು ಮೂಟೆ ಸೊಗಡಿನ ಅವರೆಕಾಯಿ ತರಿಸಿ. ಹಿತಕಲು ಕೈಗಳು ಹೇಗೂ ಬೇಕಾಗುತ್ತವೆ.